ಊಟದ ಡಬ್ಬಿಯಲ್ಲಿ ಹನ್ನೆರಡು ವೋಲ್ಟ್

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಇಪ್ಪತ್ತಾರು ವರ್ಷ ತಾಮ್ರದ ತಂತಿ ಸುತ್ತಿದರು. ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯಲ್ಲಿ, ಕಿಟಕಿಯಿಂದ ಮೂರನೆಯ ಯಂತ್ರ ಅವರದು. ಒಂದು ಕೈ ತಂತಿಯ ಮೇಲೆ, ಒಂದು ಕಣ್ಣು ಎಣಿಕೆಯ ಗಾಲಿಯ ಮೇಲೆ, ಬಾಯಿ ಮಾತ್ರ ಪಕ್ಕದವಳ ಸಂಸಾರದ ಮೇಲೆ. ಮಾತಾಡುತ್ತಲೇ ಎಣಿಸುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತ ಕತೆ ಹೇಳಿ ಮುಗಿಸಿದಾಗ, "ಹತ್ತೊಂಬತ್ತು ಹೆಣಿಗೆ. ಹೋದ ತಿಂಗಳು ಹದಿನೆಂಟಿತ್ತು. ಕೂದಲು ಬೆಳೀತಿದೆ" ಎನ್ನುತ್ತಿದ್ದರು.

ಕಾರ್ಖಾನೆ ಮುಚ್ಚಿ ನಾಲ್ಕು ವರ್ಷವಾಗಿತ್ತು. ಅತ್ತೆ ಮತ್ತು ಮಾವ ಕೆಳಗಿನ ಮನೆಯಲ್ಲಿ, ನಾನು ಮತ್ತು ನನ್ನ ಗಂಡ ಮೇಲಿನ ಮನೆಯಲ್ಲಿ. ನಡುವೆ ಹದಿನಾಲ್ಕು ಮೆಟ್ಟಿಲು. ಅದೂ ಅತ್ತೆಯ ಲೆಕ್ಕವೇ. ಮಾವನಿಗೆ ಬೇಕರಿ ಕೆಲಸ. ಬೆಳಕು ಹರಿಯುವ ಮುಂಚೆ ಹೋಗಿ, ನಾವೆಲ್ಲ ಕೆಲಸಕ್ಕೆ ಹೊರಡುವ ಹೊತ್ತಿಗೆ ಮೈಯೆಲ್ಲ ಹಿಟ್ಟಾಗಿ ಬರುವವರು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ನನ್ನ ಗಂಡ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿದ್ದಾರೆ. ದಿನವಿಡೀ ಕಿವಿಯ ಪಕ್ಕ ಉಜ್ಜುವ ಯಂತ್ರ ಕಿರುಗುಟ್ಟುವುದರಿಂದಲೋ ಏನೋ, ಮನೆಗೆ ಬಂದರೆ ಅವರಿಗೆ ಬೇಕಾದದ್ದು ಎರಡೇ: ಹಾಡು, ಮತ್ತು ಹಾಡಿಲ್ಲದಾಗ ನಿಶ್ಶಬ್ದ.

ಆ ನಿಶ್ಶಬ್ದವೇ ಸಿಗುತ್ತಿರಲಿಲ್ಲ. ಅವರು ಕಷ್ಟಪಟ್ಟು ಒಂದು ಹಳೆಯ ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್ ಕೂಡಿಸಿಕೊಂಡಿದ್ದರು. ಪ್ಲೇಯರಿನ ಸಣ್ಣ ದನಿಯನ್ನು ಹಿಗ್ಗಿಸಲು ಅಂಗೈಯಷ್ಟಗಲದ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಹನ್ನೆರಡು ವೋಲ್ಟ್ ಕೊಡುವುದು ಗೋಡೆಗೆ ಚುಚ್ಚುವ ಒಂದು ಕರಿಯ ಅಡಾಪ್ಟರು. ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ಪೀಕರಿನಿಂದ ಸಣ್ಣಗೆ 'ಕೀಂ' ಎಂದು ಬರುತ್ತಿತ್ತು. ನನಗೆ ಅದು ಕೇಳಿಸುತ್ತಲೂ ಇರಲಿಲ್ಲ. ಅವರಿಗೆ ಬೇರೇನೂ ಕೇಳಿಸುತ್ತಿರಲಿಲ್ಲ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನನಗೆ ಎರಡೂ ಇದೆ. ನಡುವೆ ಕಲ್ಲು ಸಿಕ್ತಿದೆ" ಎಂದು ಒಂದು ಭಾನುವಾರ ಕೆಳಗೆ ಕಾಫಿ ಕುಡಿಯುತ್ತ ಹೇಳಿದರು.

ಅತ್ತೆ ಲೋಟ ಕೆಳಗಿಟ್ಟರು. "ಆ ಕರಿ ಡಬ್ಬಿ ತಗೊಂಡು ಬನ್ನಿ ನೋಡೋಣ."

ತಂದುಕೊಟ್ಟರು. ಅತ್ತೆ ಅದನ್ನು ಅಂಗೈ ಮೇಲೆ ತೂಗಿ ನೋಡಿ ಮೂಗು ಮುರಿದರು. "ಇದರಲ್ಲಿ ತಾಮ್ರ ಎಲ್ಲಿದೆ? ಹಕ್ಕಿ ಗರಿ ಹಿಡಿದ ಹಾಗಿದೆ. ಇದು ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತೆ. ಆ ಕತ್ತರಿ ಸದ್ದೇ ನಿಮ್ಮ ಕಿವಿಗೆ ಬರ್ತಿರೋದು. ನಾವು ಮಾಡ್ತಿದ್ದದ್ದು ಹೀಗಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರು, ನಿಧಾನ, ನೇರ. ಲೀನಿಯರ್ ಅಂತಾರೆ."

"ಅಂಗಡೀಲಿ ಅಂಥದ್ದು ಕೇಳಿದ್ದೆ ಅತ್ತೆ. ಬೆಲೆ ಕೇಳಿ ನಮಸ್ಕಾರ ಹಾಕಿ ಬಂದೆ."

"ಅಂಗಡಿ ಯಾಕೆ? ಅಟ್ಟದ ಮೇಲೆ ಏನಿದೆ ನೋಡಿ ಬರ್ತೀನಿ ಇರಿ."

ಕಾರ್ಖಾನೆ ಮುಚ್ಚಿದ ಮೇಲೆ ಅತ್ತೆ ಇಷ್ಟು ಬೇಗ ಕುರ್ಚಿಯಿಂದ ಎದ್ದದ್ದನ್ನು ನಾನು ನೋಡಿರಲಿಲ್ಲ. ಮಾವ ನನ್ನ ಕಡೆ ನೋಡಿ ಹುಬ್ಬೇರಿಸಿದರು.

ಅಟ್ಟದಿಂದ ಇಳಿದದ್ದು ಕೆಟ್ಟುಹೋದ ಒಂದು ಬ್ಯಾಟರಿ ಚಾರ್ಜರು. ಒಳಗಿನ ಟ್ರಾನ್ಸ್‌ಫಾರ್ಮರ್ ಮಾತ್ರ ಗಟ್ಟಿಯಾಗಿತ್ತು. ಅತ್ತೆ ಅದರ ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಬಿಡಿಸಿ, ನಮಗೆ ಬೇಡವಾದ ಹೊರಗಿನ ಸುತ್ತನ್ನೆಲ್ಲ ಬಿಚ್ಚಿದರು. ಹೊಸ ತಂತಿಯಿಂದ ಹತ್ತೇ ಹತ್ತು ಸುತ್ತು ಹಾಕಿ, ತಗಡು ಮತ್ತೆ ಜೋಡಿಸಿ, ಅಳೆದರು. ಎರಡು ವೋಲ್ಟ್ ಬಂತು.

"ವೋಲ್ಟಿಗೆ ಐದು ಸುತ್ತು. ಕೊನೇಲಿ ಹನ್ನೆರಡು ಉಳೀಬೇಕಾದ್ರೆ ಮೊದಲು ಹದಿನೈದು ವೋಲ್ಟ್ ಬೇಕು, ಅಲ್ಲಿಗೆ ಎಪ್ಪತ್ತೈದು. ಭಾರ ಬಿದ್ದಾಗ ಸ್ವಲ್ಪ ಕುಗ್ಗುತ್ತಲ್ಲ, ಅದಕ್ಕೆ ಮೂರು ಹೆಚ್ಚು. ಎಪ್ಪತ್ತೆಂಟು" ಎಂದು ಊಟದ ಮೇಜಿನ ಮೇಲೆ ಸುತ್ತತೊಡಗಿದರು. ಮಾವನ ಬೆನ್ನುನೋವು, ಮನೆಯ ನಲ್ಲಿ, ನನ್ನ ಆಫೀಸಿನ ಮ್ಯಾನೇಜರು, ಎಲ್ಲರನ್ನೂ ಒಂದು ಸುತ್ತು ವಿಚಾರಿಸಿಕೊಂಡು, "ಎಪ್ಪತ್ತೆಂಟು" ಎಂದು ನಿಲ್ಲಿಸಿದರು. ನಾನು ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ಎಣಿಸಿದೆ. ಎಪ್ಪತ್ತೆಂಟೇ.

ಉಳಿದದ್ದನ್ನು ಗಂಡ ಹಳೆಯ ರೇಡಿಯೋ ಸಾಮಾನಿನ ಬುಟ್ಟಿಯಿಂದ ಆರಿಸಿ ತಂದರು. ಏರಿಳಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡು, ಅದನ್ನು ತುಂಬಿಟ್ಟುಕೊಂಡು ಸಮವಾಗಿ ಬಿಡುವ ದಪ್ಪ ಕೆಪಾಸಿಟರು, ಕೊನೆಗೆ ಹನ್ನೆರಡಕ್ಕೆ ಸರಿಯಾಗಿ ನಿಲ್ಲಿಸುವ ಮೂರು ಕಾಲಿನ ರೆಗ್ಯುಲೇಟರು. ಅದರ ಬೆನ್ನಿಗೆ ಬಿಸಿ ಹೀರಲು ಅಲ್ಯೂಮಿನಿಯಂ ತುಂಡು. ಪೆಟ್ಟಿಗೆ ಇರಲಿಲ್ಲ. ಮಾವನ ಎರಡಂತಸ್ತಿನ ಸ್ಟೀಲಿನ ಊಟದ ಡಬ್ಬಿಯ ಮೇಲೆ ಅತ್ತೆಯ ಕಣ್ಣು ಬಿತ್ತು.

"ನಾನು ತಿಂಡಿ ಯಾತರಲ್ಲಿ ಒಯ್ಯಲಿ?" ಎಂದರು ಮಾವ.

"ಬೇಕರಿಗೆ ತಿಂಡಿ ಒಯ್ಯೋದು ಅಂದ್ರೆ ಕೆರೆಗೆ ನೀರು ಹೊತ್ತ ಹಾಗೆ."

ಮಾವ ಡಬ್ಬಿ ಬಿಟ್ಟುಕೊಟ್ಟರು. ಗಂಡ ಹಲ್ಲಿನ ಸೆಟ್ಟು ಕೊರೆಯುವ ಸಣ್ಣ ಡ್ರಿಲ್ಲಿನಿಂದ ಅದಕ್ಕೆ ಗಾಳಿಯಾಡಲು ಸಾಲಾಗಿ ತೂತು ಕೊರೆದರು. ಅತ್ತೆ ಫ್ಯೂಸು ಕೂರಿಸಿ, ಡಬ್ಬಿಯ ಮೈಗೆ ಅರ್ಥಿಂಗ್ ತಂತಿ ಬಿಗಿದರು. ಮೊದಲ ಸಲ ಕರೆಂಟು ಕೊಡುವಾಗ ನೇರವಾಗಿ ಕೊಡಲಿಲ್ಲ. ನಡುವೆ ಒಂದು ಹಳೆಯ ಬಲ್ಬು ಸೇರಿಸಿದರು. "ಒಳಗೆಲ್ಲಾದರೂ ಶಾರ್ಟ್ ಇದ್ರೆ ಬಲ್ಬು ಉರಿಯುತ್ತೆ, ನಮ್ಮನೆ ಉರಿಯಲ್ಲ." ಸ್ವಿಚ್ಚು ಒತ್ತಿದಾಗ ಬಲ್ಬು ಒಮ್ಮೆ ಮಿಣುಕಿ ಮಂಕಾಯಿತು. ಅತ್ತೆ ಉಸಿರು ಬಿಟ್ಟರು. ಆಮೇಲೆ ಕರೆಂಟು ಎಳೆಯುವ ಭಾರಕ್ಕೆಂದು ಒಂದು ಸಿಮೆಂಟಿನ ರೆಸಿಸ್ಟರ್ ಕಟ್ಟಿ ಮೂರು ಗಂಟೆ ಓಡಿಸಿದರು. ಅಲ್ಯೂಮಿನಿಯಂ ತುಂಡು ಕೈಯಿಟ್ಟರೆ ಇಡಬಹುದಾದಷ್ಟು ಬಿಸಿಯಾಯಿತು, ಅದಕ್ಕಿಂತ ಹೆಚ್ಚಾಗಲಿಲ್ಲ. ಮೀಟರು ಹನ್ನೆರಡು ವೋಲ್ಟಿನಿಂದ ಅಲುಗಲಿಲ್ಲ.

ಸಂಜೆ ಎಲ್ಲರೂ ಮೆಟ್ಟಿಲು ಹತ್ತಿದೆವು. ಗಂಡ ಡಬ್ಬಿಯನ್ನು ಜೋಡಿಸಿ, ಹಾಡಿಲ್ಲದೆ ಬರೀ ದನಿ ಏರಿಸಿ, ಸ್ಪೀಕರಿಗೆ ಕಿವಿ ಕೊಟ್ಟರು. ಕೀಂ ಹೋಗಿತ್ತು. ಅದರ ಜಾಗದಲ್ಲಿ 'ಗುಂ' ಎಂದು ಬರುತ್ತಿತ್ತು. ಈ ಸಲ ನನಗೂ ಕೇಳಿಸಿತು.

"ಪರವಾಗಿಲ್ಲ ಅತ್ತೆ, ಮೊದಲಿಗಿಂತ ಎಷ್ಟೋ ವಾಸಿ" ಎಂದರು ಗಂಡ.

"ಸುಳ್ಳು ಹೇಳಬೇಡಿ. ಸೊಳ್ಳೆ ಹೋಗಿ ದುಂಬಿ ಬಂದಿದೆ."

ಎರಡು ದಿನ ಅತ್ತೆ ಎಲ್ಲ ಬೆಸುಗೆಗಳನ್ನೂ ಮರುಪರೀಕ್ಷೆ ಮಾಡಿದರು. ಕೆಪಾಸಿಟರ್ ಬದಲಿಸಿದರು. ಡಬ್ಬಿಯನ್ನು ಪ್ಲೇಯರಿನಿಂದ ದೂರ ಇಟ್ಟು ನೋಡಿದರು. ದುಂಬಿ ಜಗ್ಗಲಿಲ್ಲ. ಮೀಟರು ಹನ್ನೆರಡು ಎನ್ನುತ್ತಲೇ ಇತ್ತು.

"ಮೀಟರು ಸರಾಸರಿ ಹೇಳುತ್ತೆ, ಒಳಗೆ ನಡುಕ ಇದ್ರೆ ಹೇಳಲ್ಲ. ಸ್ಕೋಪ್ ಬೇಕು" ಎಂದರು. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಯಂತ್ರ ಅದು.

"ಸ್ಕೋಪ್ ಯಾರ ಹತ್ರ ಇದೆ ಅಂತ ನಿನಗೆ ಗೊತ್ತು" ಎಂದರು ಮಾವ.

ಮನೆಯವರಿಗೆಲ್ಲ ಗೊತ್ತಿತ್ತು. ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಹಸಿರು ಅಥವಾ ಕೆಂಪು ಮುದ್ರೆ ಹಾಕುತ್ತಿದ್ದ ಇನ್ಸ್‌ಪೆಕ್ಟರು ನಾಲ್ಕು ಬೀದಿ ಆಚೆ ಇದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಕೆಂಪು ಮುದ್ರೆ' ಎನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವರು ಅತ್ತೆ ಸುತ್ತಿದ ಎಂಬತ್ತು ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ದಿನ 'ಸುತ್ತು ಕಡಿಮೆ' ಎಂದು ವಾಪಸು ಮಾಡಿದ್ದರು. ಎಣಿಕೆ ತಪ್ಪಿಲ್ಲ ಎಂದು ಅತ್ತೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳು ಅವರನ್ನು ಪ್ಯಾಕಿಂಗಿಗೆ ಹಾಕಿದರು. ಅಂದಿನಿಂದ ಇಬ್ಬರದ್ದೂ ಎಣ್ಣೆ ಸೀಗೆಕಾಯಿ. ಬೀದಿಯಲ್ಲಿ ಎದುರಾದರೆ ಅತ್ತೆ ಅಂಗಡಿಯ ಬೋರ್ಡು ಓದುತ್ತಿದ್ದರು.

ಮೂರನೆಯ ದಿನ ಅತ್ತೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ನೀನೂ ಬಾ" ಎಂದು ನನ್ನನ್ನು ಕರೆದರು. "ನನಗೆ ಸಿಟ್ಟು ಬಂದ್ರೆ ಕಾಲು ತುಳಿ."

ಬಾಗಿಲು ತೆರೆದವರು ಇನ್ಸ್‌ಪೆಕ್ಟರ ಹೆಂಡತಿ. ನಮ್ಮನ್ನು ನೋಡಿ ಏನೂ ಕೇಳದೆ ಒಳಗೆ ಕರೆದು, "ನಿಮ್ಮನ್ನ ನೋಡೋಕೆ ತಂತಿ ಸುತ್ತೋ ವೈಂಡಿಂಗಿನವರು ಬಂದಿದಾರೆ" ಎಂದು ಕೂಗಿ ಹೇಳಿದರು. ಮಲಗುವ ಕೋಣೆಯ ಮೂಲೆಯಲ್ಲೇ ಅವರ ಕೆಲಸದ ಬೆಂಚು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಎತ್ತರದ ಮನುಷ್ಯ ನಿಧಾನವಾಗಿ ಎದ್ದು ನಿಂತರು.

ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು: "ಹನ್ನೆರಡು ವೋಲ್ಟ್. ಅರ್ಧ ಆಂಪಿಯರ್. ಗುಂ ಅಂತಿದೆ. ಯಾಕೆ ಅಂತ ಗೊತ್ತಾಗಬೇಕು."

ಅವರು ಡಬ್ಬಿ ತೆಗೆದುಕೊಂಡು, ಭಾರ ಕಟ್ಟಿ, ಸ್ಕೋಪಿನ ಮೊನೆ ತಾಗಿಸಿದರು. ಪರದೆಯ ಮೇಲೆ ಹಸಿರು ಗೆರೆ ಸಪಾಟಾಗಿರಬೇಕಿತ್ತು. ಅದರ ಮೇಲೆ ಗರಗಸದ ಹಲ್ಲಿನ ಹಾಗೆ ಸಣ್ಣ ಸಣ್ಣ ಮುಳ್ಳು ಎದ್ದಿದ್ದವು. ಅವರು ಮುಚ್ಚಳ ತೆಗೆದು, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಸುತ್ತು ಬಹಳ ಚೆನ್ನಾಗಿದೆ" ಎಂದರು ಮೊದಲು. ಆಮೇಲೆ ಪೆನ್ಸಿಲಿನ ತುದಿಯಿಂದ ಒಂದು ತಂತಿ ತೋರಿಸಿದರು. "ಹೊರಗೆ ಹೋಗೋ ಕರಿ ತಂತೀನ ಡಯೋಡಿನ ಕಾಲಿಗೆ ಬೆಸೆದಿದೀರಿ. ಕೆಪಾಸಿಟರು ತುಂಬಿಕೊಳ್ಳೋವಾಗ ಕರೆಂಟು ಇಲ್ಲಿ ನುಗ್ಗುತ್ತೆ. ಈ ಎರಡಂಗುಲದಲ್ಲೇ ಸಂತೆ. ನೀವು ಆ ಸಂತೆ ಮಧ್ಯೆ ಮನೆ ಬಾಗಿಲು ಇಟ್ಟಿದೀರಿ. ತಂತೀನ ಇಲ್ಲಿಂದ ಬಿಡಿಸಿ ಕೆಪಾಸಿಟರಿನ ಕಾಲಿಗೇ ಹಾಕಿ. ಅಷ್ಟೇ."

ಅತ್ತೆ ಬಗ್ಗಿ ನೋಡಿದರು. ಅವರ ಮುಖ ನೋಡಿದರೆ ತಪ್ಪು ತಿಳಿಯಿತೆಂದು ನನಗೂ ತಿಳಿಯಿತು. "ಹೌದು" ಎಂದರು. ಹನ್ನೊಂದು ವರ್ಷದಲ್ಲಿ ಆ ಮನುಷ್ಯನಿಗೆ ಅತ್ತೆ ಹೇಳಿದ ಮೊದಲ ಒಳ್ಳೆಯ ಮಾತು ಅದು.

ಅಲ್ಲಿಗೆ ಮುಗಿದಿದ್ದರೆ ನಾವು ಚಹಾ ಕುಡಿದು ಎದ್ದು ಬರುತ್ತಿದ್ದೆವು. ಆದರೆ ಇನ್ಸ್‌ಪೆಕ್ಟರು ಕನ್ನಡಕ ಇಳಿಸಿ, ಒರೆಸಿ, ಮತ್ತೆ ಹಾಕಿಕೊಂಡು, "ಇನ್ನೊಂದು ಹೇಳೋದಿದೆ" ಎಂದರು. "ಆ ಎಂಬತ್ತರಲ್ಲಿ ನಿಮ್ಮ ಎಣಿಕೆ ಸರಿಯಾಗೇ ಇತ್ತು. ನನ್ನ ಬೆಂಚಿನ ಮೀಟರು ತಪ್ಪು ತೋರಿಸ್ತಿತ್ತು. ಆರು ತಿಂಗಳಾದ ಮೇಲೆ ಮೀಟರನ್ನ ಪರೀಕ್ಷೆಗೆ ಕಳಿಸಿದಾಗ ಗೊತ್ತಾಯ್ತು. ಎಂಬತ್ತಕ್ಕೂ ಹಸಿರು ಮುದ್ರೆ ಹಾಕಿ ಕಳಿಸಿಬಿಟ್ಟೆ. ನಿಮಗೆ ಹೇಳಲಿಲ್ಲ."

ನಾನು ಅತ್ತೆಯ ಕಾಲು ಎಲ್ಲಿದೆಯೆಂದು ನೋಡಿಕೊಂಡೆ. ಬೇಕಾಗಲಿಲ್ಲ. ಅತ್ತೆ ಮೆಲ್ಲಗೆ ಡಬ್ಬಿಯ ಮುಚ್ಚಳ ಹಾಕಿದರು.

"ನನ್ನ ಎಣಿಕೆ ಸರಿ ಅಂತ ನನಗೆ ಆವತ್ತೇ ಗೊತ್ತಿತ್ತು. ನಿಮಗೂ ಗೊತ್ತು ಅನ್ನೋದು ಮಾತ್ರ ಗೊತ್ತಿರಲಿಲ್ಲ" ಎಂದು ಎದ್ದು ಹೊರಟರು.

ಮನೆಗೆ ಬಂದು ಡಬ್ಬಿಯನ್ನು ಕಪಾಟಿನ ಮೇಲಿಟ್ಟರು. ಒಂದು ತಂತಿ ಬದಲಿಸುವುದು ಐದು ನಿಮಿಷದ ಕೆಲಸ. ಅತ್ತೆ ಎಂಟು ದಿನ ಅದನ್ನು ಮುಟ್ಟಲಿಲ್ಲ. ಗಂಡ ಕರಿಯ ಅಡಾಪ್ಟರನ್ನೇ ಮತ್ತೆ ಚುಚ್ಚಿಕೊಂಡರು, ಒಂದು ಮಾತೂ ಕೇಳಲಿಲ್ಲ. ಅವರ ಆ ಗುಣ ನನಗೆ ಇಷ್ಟ.

ಒಂಬತ್ತನೆಯ ದಿನ ಮಧ್ಯಾಹ್ನ ಬೀದಿಯ ತುದಿಯಲ್ಲಿ ಇನ್ಸ್‌ಪೆಕ್ಟರು ಕಾಣಿಸಿದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತರಕಾರಿ ಚೀಲ. ಚೀಲದಲ್ಲಿ ಸ್ಕೋಪು. ಮೂರು ಕಡೆ ನಿಂತು ಸುಧಾರಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. ರಜೆಯ ದಿನವಾದ್ದರಿಂದ ನಾವು ನಾಲ್ವರೂ ಕೆಳಗೇ ಇದ್ದೆವು.

ಕೂರಿ ಎಂದರೆ ಕೂರಲಿಲ್ಲ. ಮಾವನ ಕಡೆ ತಿರುಗಿ, ನಮ್ಮನ್ನೂ ನೋಡಿ ಹೇಳಿದರು. "ನಿಮ್ಮ ಮನೆಯವರ ಕೆಲಸದ ಮೇಲೆ ನಾನು ಹಾಕಿದ ಕೆಂಪು ಮುದ್ರೆ ತಪ್ಪು. ಗೊತ್ತಾದ ಮೇಲೂ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಹತ್ತು ಜನರ ಎದುರು ತಪ್ಪು ಹೊರಿಸಿದ್ದೆ. ಒಪ್ಪಿಕೊಳ್ಳೋಕೆ ಹತ್ತು ಜನ ಸಿಗಲಿಲ್ಲ. ನಾಲ್ಕು ಜನರ ಎದುರು ಹೇಳ್ತಿದೀನಿ."

ಮಾವ ಅಂಗೈ ಒರೆಸಿಕೊಂಡು ಕುರ್ಚಿ ಹತ್ತಿರಕ್ಕೆ ಎಳೆದಿಟ್ಟರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕಣ್ಣು ಒದ್ದೆಯಾಗಿತ್ತೋ ಇಲ್ಲವೋ, ಅವರು ಬೇಗನೆ ಕಪಾಟಿನ ಕಡೆ ತಿರುಗಿದ್ದರಿಂದ ಕಾಣಲಿಲ್ಲ.

"ಕಾಲು ನೋವಿಟ್ಟುಕೊಂಡು ನಿಂತೇ ಇರ್ತೀರಾ? ಕೂತ್ಕೊಳ್ಳಿ" ಎಂದರು. "ತಂತಿ ಬದಲಾಯಿಸಿ ಬರ್ತೀನಿ. ಬಂದಿರೋದು ಪರೀಕ್ಷೆ ಮಾಡೋಕೆ ತಾನೆ?"

ಬೆಸುಗೆಯ ಕಡ್ಡಿ ಕಾಯುವವರೆಗೂ ಇಬ್ಬರೂ ಹಳೆಯ ಕಾರ್ಖಾನೆಯ ಗೇಟಿನವನ ಬಗ್ಗೆ ಮಾತಾಡಿದರು. ಅತ್ತೆ ಕರಿಯ ತಂತಿಯನ್ನು ಬಿಡಿಸಿ ಕೆಪಾಸಿಟರಿನ ಕಾಲಿಗೆ ಬೆಸೆದರು. ಇನ್ಸ್‌ಪೆಕ್ಟರು ಮೊನೆ ತಾಗಿಸಿದರು. ಹಸಿರು ಗೆರೆ ಇಸ್ತ್ರಿ ಹಾಕಿದ ಹಾಗೆ ಬಿದ್ದುಕೊಂಡಿತು. ಅವರು ಗುಂಡಿ ತಿರುಗಿಸಿ ಹತ್ತು ಪಟ್ಟು ಹಿಗ್ಗಿಸಿ ನೋಡಿದರು. ಆಗಲೂ ಮುಳ್ಳಿಲ್ಲ.

ಗಂಡ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮೇಲೆ ಓಡಿದರು. ಇನ್ಸ್‌ಪೆಕ್ಟರೂ ಹದಿನಾಲ್ಕು ಮೆಟ್ಟಿಲು ಹತ್ತಿಯೇ ತೀರಿದರು. ಜೋಡಿಸಿ ದನಿ ಏರಿಸಿದರೆ ಸ್ಪೀಕರು ಇದೆಯೋ ಇಲ್ಲವೋ ಎನ್ನುವಂತಿತ್ತು. ಗಂಡನ ಮುಖ ಅರಳಿತು. ಆದರೆ ಇನ್ಸ್‌ಪೆಕ್ಟರು ಒಪ್ಪಲಿಲ್ಲ.

"ಈಗ ನಿಮಗೆ ಯಾವುದು ಅಂತ ಗೊತ್ತು, ಹಾಗಾಗಿ ಕಿವಿ ನಿಮ್ಮ ಆಸೆಗೆ ತಾಳ ಹಾಕುತ್ತೆ. ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ನಿಮ್ಮ ಮನೆಯವರು ಬದಲಾಯಿಸಲಿ. ಹತ್ತು ಸಲ."

ನಾನು ಒಮ್ಮೆ ಅಡಾಪ್ಟರು, ಒಮ್ಮೆ ಡಬ್ಬಿ, ಎರಡು ಸಲ ಬೇಕೆಂದೇ ಅದನ್ನೇ ಮತ್ತೆ, ಹೀಗೆ ಹತ್ತು ಸಲ ಚುಚ್ಚಿದೆ. ಹಾಡು ಹಾಕಲಿಲ್ಲ, ಬರೀ ಮೌನ. ಗಂಡ ಗೋಡೆಗೆ ಮುಖ ಮಾಡಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರಿದರು. ಹತ್ತಕ್ಕೆ ಹತ್ತೂ ಸರಿ ಹೇಳಿದರು. ಆಮೇಲೆ ಹಾಡು ಹಾಕಿ ಮತ್ತೆ ಹತ್ತು ಸಲ. ಹಾಡು ಜೋರಾಗಿ ನಡೆಯುತ್ತಿದ್ದಾಗ ಐದು ಸರಿ, ಐದು ತಪ್ಪು.

"ಅಂದ್ರೆ ಹಾಡಿನೊಳಗೆ ವ್ಯತ್ಯಾಸ ಇಲ್ವಾ?" ಗಂಡ ಪೆಚ್ಚಾದರು.

"ಹಾಡು ಎದ್ದಾಗ ಇಲ್ಲ, ನಿಂತಾಗ ಇದೆ. ಇದ್ದದ್ದು ಇದ್ದ ಹಾಗೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?" ಎಂದರು ಇನ್ಸ್‌ಪೆಕ್ಟರು.

"ಅದೇ" ಎಂದರು ಗಂಡ. ಒಂದು ಕ್ಷಣ ಯೋಚಿಸಿ ನಕ್ಕರು. "ನನಗೆ ಬೇಕಿದ್ದದ್ದು ಮೌನವೇ."

ಮಾವ ಬೇಕರಿಯಿಂದ ತಂದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ಗಂಡ ತಮಗೆ ಇಷ್ಟವಾದ ರೆಕಾರ್ಡು ಹಾಕಿದರು. ಒಬ್ಬಳು ಹೆಂಗಸು ಹಾಡುತ್ತಿದ್ದಳು. ಮೊದಲ ಚರಣ ಮುಗಿದು ಎರಡನೆಯದು ಶುರುವಾಗುವ ಮುಂಚೆ ಅವಳು ಉಸಿರೆಳೆದುಕೊಂಡದ್ದು ನನಗೂ ಕೇಳಿಸಿತು. ಇಷ್ಟು ವರ್ಷ ಆ ಹಾಡು ನಮ್ಮ ಮನೆಯಲ್ಲಿತ್ತು. ಅವಳು ಉಸಿರಾಡುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಎದುರು ಮನೆಯ ಸಂಗೀತದ ಟೀಚರು ತಮ್ಮ ಸ್ಪೀಕರಿನ ಗೊರಗೊರ ತೋರಿಸಲು ಅತ್ತೆಯನ್ನೂ ಇನ್ಸ್‌ಪೆಕ್ಟರನ್ನೂ ಕರೆದೊಯ್ದರು. ಇನ್ಸ್‌ಪೆಕ್ಟರು ನೋಡಿ, ಇದು ಕರೆಂಟು ಕೊಡುವ ಅಡಾಪ್ಟರಿನ ತೊಂದರೆಯಲ್ಲ, ತಂತಿಯೇ ಹರಿದಿದೆ ಎಂದರು. ಅತ್ತೆ ಹೊಸ ತಂತಿ ಹಾಕಿಸಿ, ಡಬ್ಬಿ ಮಾಡಿಕೊಡದೆ ವಾಪಸು ಬಂದರು. "ಬೇಡದವರಿಗೆ ಮಾಡಿಕೊಟ್ರೆ ಡಬ್ಬಿಗೇ ಅವಮಾನ." ಬೇಕಾದವರೂ ಸಿಕ್ಕಿದರು: ಲ್ಯಾಬಿನ ಇಬ್ಬರು, ಬೇಕರಿ ಯಜಮಾನನ ತಮ್ಮ, ನಮ್ಮ ಮುದ್ರಣಾಲಯದ ಬೈಂಡರು. ಅವರವರ ಹಳೆಯ ಸಾಮಾನು, ಅವರವರದೇ ಡಬ್ಬಿ. ಬೈಂಡರು ಟೀ ಪುಡಿಯ ತಗಡಿನ ಡಬ್ಬಿ ತಂದಿದ್ದರು. ಅದರ ಮೇಲಿನ ಆನೆಯ ಚಿತ್ರ ಹಾಳಾಗದ ಹಾಗೆ ತೂತು ಕೊರೆಯಬೇಕೆಂದು ಅವರ ಷರತ್ತು. ಗಂಡ ಆನೆಯ ಬೆನ್ನ ಮೇಲಿನ ಆಕಾಶದಲ್ಲಿ ನಕ್ಷತ್ರಗಳಂತೆ ಕೊರೆದುಕೊಟ್ಟರು.

ಈಗ ವಾರಕ್ಕೆ ಎರಡು ಬೆಳಿಗ್ಗೆ ಇನ್ಸ್‌ಪೆಕ್ಟರೂ ಅವರ ಹೆಂಡತಿಯೂ ಬರುತ್ತಾರೆ. ಹೆಂಡತಿ ಬರುವುದು ಮಾತಿಗೆ. ಸುತ್ತುವಾಗ ಮಾತಾಡಲು ಅತ್ತೆಗೆ ಯಾರಾದರೂ ಬೇಕು. ಸುತ್ತುವುದು ಅತ್ತೆ, ಅಳೆಯುವುದು ಅವರು. ಜಗಳ ತಪ್ಪಿದ್ದಲ್ಲ. ಮೊನ್ನೆ ಒಂದು ಟ್ರಾನ್ಸ್‌ಫಾರ್ಮರಿನ ತಗಡು ಕೈಗೆ ನಡುಗುತ್ತಿದೆ ಎಂದು ಅವರು, ತಗಡಿಗೆ ಬಳಿದ ವಾರ್ನಿಷ್ ಇನ್ನೂ ಒಣಗಿಲ್ಲ, ಅದಕ್ಕೇ ಎಂದು ಇವರು. ನಾಳೆ ನೋಡೋಣ ಎಂದು ಬಿಸಿಲಿಗಿಟ್ಟರು. ಊಟದ ಮೇಜು ಪೂರ್ತಿ ಅವರ ಪಾಲಾಗಿದೆ. ಮಾವ ಮತ್ತು ನಾನು ತಟ್ಟೆ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಕೂತು ಉಣ್ಣುತ್ತೇವೆ. ಅಲ್ಲಿಗೆ ಗಾಳಿ ಚೆನ್ನಾಗಿ ಬರುತ್ತದೆ. ಮೇಲಿನಿಂದ ಗಂಡ ಹಾಕಿದ ಹಾಡು ಇಳಿದು ಬರುತ್ತಿರುತ್ತದೆ. ಅದು ನಿಂತಾಗ ನಾವೂ ಅಗಿಯುವುದನ್ನು ನಿಲ್ಲಿಸಿ, ಒಂದು ಗಳಿಗೆ ಸುಮ್ಮನೆ ಕೂರುತ್ತೇವೆ.